ವಾರದ ನೂರ ಅರವತ್ತೆಂಟು ಗಂಟೆ: ಇಸ್ರೇಲ್‌ನ ವಲಸೆ ಆರೈಕೆದಾರರು

ಇಸ್ರೇಲ್‌ನ ದೀರ್ಘಕಾಲೀನ ಆರೈಕೆ ವಿಮಾ ಕಾಯ್ದೆ 1986ರಲ್ಲಿ ಅಂಗೀಕಾರವಾಗಿ 1988ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸ್ನಾನಕ್ಕೆ, ಬಟ್ಟೆ ತೊಡಲು, ಉಣ್ಣಲು, ಮನೆಯೊಳಗೆ ನಾಲ್ಕು ಹೆಜ್ಜೆ ಇಡಲು ಇನ್ನೊಬ್ಬರ ಕೈ ಬೇಕಾದ ಹಿರಿಯರಿಗೆ ರಾಷ್ಟ್ರೀಯ ವಿಮಾ ಸಂಸ್ಥೆಯ ಖರ್ಚಿನಲ್ಲಿ ಮನೆಗೇ ಸಹಾಯಕಿಯನ್ನು ಕಳುಹಿಸಬೇಕು ಎಂಬುದು ಅದರ ಸಾರ. ಫಲಾನುಭವಿಯ ಕೈಗೆ ದುಡ್ಡು ಕೊಡುತ್ತಿರಲಿಲ್ಲ, ಗಂಟೆಗಳ ಲೆಕ್ಕದಲ್ಲಿ ಸೇವೆ ಕೊಡುತ್ತಿದ್ದರು. ಆರಂಭದ ವರ್ಷಗಳಲ್ಲಿ ಅದು ವಾರಕ್ಕೆ ಹತ್ತರಿಂದ ಹದಿನೈದು ಗಂಟೆಯ ಆಸುಪಾಸಿನಲ್ಲಿತ್ತು. ವಾರಕ್ಕಿರುವುದು 168 ಗಂಟೆ. ಮಿಕ್ಕ ನೂರೈವತ್ತು ಗಂಟೆಗಳನ್ನು ಮನೆಯವರು ಹೇಗೋ ನೋಡಿಕೊಳ್ಳುತ್ತಾರೆ ಎಂದು ಕಾಯ್ದೆ ಬರೆದವರು ಎಣಿಸಿದ್ದರು. ಮನೆಯವರು ಎಂದರೆ ಬಹುಮಟ್ಟಿಗೆ ಮಗಳು, ಇಲ್ಲವೇ ಸೊಸೆ. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಆ ಗಂಟೆಗಳನ್ನು ತುಂಬಿದವರು ಫಿಲಿಪ್ಪೀನ್ಸ್, ನೇಪಾಳ, ಶ್ರೀಲಂಕಾ, ಮಾಲ್ಡೋವಾ ಮತ್ತು ಭಾರತದಿಂದ ಬಂದ ಕೆಲಸಗಾರರು. ಅವರಲ್ಲಿ ಕೇರಳದವರ ಜೊತೆಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳವರದು ಎದ್ದು ಕಾಣುವ ಸಂಖ್ಯೆ.

ಇಸ್ರೇಲ್ ಸಣ್ಣ ಪ್ರಾಯದಲ್ಲೇ ಮುಪ್ಪಿನ ಸಮಸ್ಯೆಯನ್ನು ಕಂಡ ದೇಶ. 1948ರಲ್ಲಿ ಸ್ಥಾಪನೆಯಾದಾಗ ಹಡಗು ಹಡಗಾಗಿ ಬಂದಿಳಿದವರಲ್ಲಿ ಯುರೋಪಿನ ಯಾತನಾ ಶಿಬಿರಗಳಿಂದ ಬದುಕಿ ಉಳಿದವರಿದ್ದರು. ಅವರ ಪೈಕಿ ಎಷ್ಟೋ ಮಂದಿಗೆ ಅಜ್ಜ-ಅಜ್ಜಿ, ಅಣ್ಣ-ತಮ್ಮಂದಿರು ಎಂಬ ಬಳಗವೇ ಉಳಿದಿರಲಿಲ್ಲ. ಕಾಯಿಲೆಯವರು, ಅಂಗವಿಕಲರು ಮತ್ತು ವೃದ್ಧ ವಲಸಿಗರಿಗಾಗಿ ಅಮೆರಿಕದ ಯಹೂದಿ ಪರಿಹಾರ ಸಂಸ್ಥೆಯೊಂದು 1949ರಲ್ಲಿ ‘ಮಲ್ಬೆನ್’ ಎಂಬ ವ್ಯವಸ್ಥೆಯನ್ನು ಕಟ್ಟಿ ಆಸ್ಪತ್ರೆ, ವೃದ್ಧಾಶ್ರಮಗಳನ್ನು ನಡೆಸಿತು. ಹಿರಿಯರಿಗೆ ಬೇಕಾದ ಸೇವೆಗಳನ್ನು ಯೋಜಿಸಲು 1969ರಲ್ಲಿ ‘ಎಶೆಲ್’ ಹುಟ್ಟಿತು. ದೇಶ ಕಟ್ಟಲು ತರುಣರಾಗಿ ಬಂದ ತಲೆಮಾರು 1980ರ ದಶಕದಲ್ಲಿ ಒಟ್ಟೊಟ್ಟಿಗೆ ಎಪ್ಪತ್ತು ದಾಟತೊಡಗಿದಾಗ ವೃದ್ಧಾಶ್ರಮಗಳು ಸಾಲದಾದವು, ಅವುಗಳ ಖರ್ಚನ್ನು ಸರ್ಕಾರವೂ ತಾಳಲಾರದಾಯಿತು. ಹಿರಿಯರು ತಮ್ಮ ಮನೆಯಲ್ಲೇ ಮುಪ್ಪನ್ನು ಕಳೆಯುವುದು ಅವರಿಗೂ ಹಿತ, ಬೊಕ್ಕಸಕ್ಕೂ ಹಿತ ಎಂಬ ಲೆಕ್ಕಾಚಾರದಿಂದ ಬಂದದ್ದು ಮೇಲೆ ಹೇಳಿದ ಕಾಯ್ದೆ. ಗಂಟೆ ಲೆಕ್ಕದ ಕೆಲಸಕ್ಕೆ ಮೊದಮೊದಲು ಸ್ಥಳೀಯ ಹೆಂಗಸರು ಸಿಕ್ಕರು. 1990ರ ನಂತರ ಹಳೆಯ ಸೋವಿಯತ್ ಒಕ್ಕೂಟದಿಂದ ಬಂದ ಲಕ್ಷಾಂತರ ವಲಸಿಗರಲ್ಲಿ ನಡುವಯಸ್ಸಿನ ಸ್ತ್ರೀಯರು ಅನೇಕರು ಇದೇ ಕೆಲಸಕ್ಕೆ ಸೇರಿದರು. ರಾತ್ರಿ ಅಲ್ಲೇ ಮಲಗಿ, ಮೂರು ಗಂಟೆಗೆ ಎದ್ದು ಮುದುಕರ ಮಗ್ಗುಲು ಬದಲಿಸಲು ಇವರ ಪೈಕಿ ಯಾರೂ ಸುಲಭವಾಗಿ ಒಪ್ಪಲಿಲ್ಲ. ಅವರಿಗೂ ಮನೆ ಮಕ್ಕಳಿದ್ದವು.

ಹೊರದೇಶದ ಕೆಲಸಗಾರರಿಗೆ ಬಾಗಿಲು ತೆರೆದ ಕಾರಣ ಆರೈಕೆಗೆ ನೇರವಾಗಿ ಸಂಬಂಧಿಸಿದ್ದಲ್ಲ. 1967ರ ಯುದ್ಧದ ನಂತರ ಇಸ್ರೇಲ್‌ನ ಕಟ್ಟಡ ಕೆಲಸ ಮತ್ತು ಬೇಸಾಯ ಪಶ್ಚಿಮ ದಂಡೆ ಹಾಗೂ ಗಾಜಾದ ಪ್ಯಾಲೆಸ್ತೀನಿ ಕೂಲಿಗಳ ಮೇಲೆ ನಿಂತಿತ್ತು. 1987ರ ಕೊನೆಯಲ್ಲಿ ಆರಂಭವಾದ ಪ್ಯಾಲೆಸ್ತೀನಿಯರ ದಂಗೆ (ಮೊದಲ ಇಂತಿಫಾದಾ), ಅದರ ಬೆನ್ನಿಗೆ 1993ರಲ್ಲಿ ಗಡಿ ಮುಚ್ಚಿದ ಕ್ರಮ, ಇವೆರಡರಿಂದ ಆ ಕೂಲಿ ಬಹುಪಾಲು ನಿಂತುಹೋಯಿತು. ಬದಲಿಗೆ ಥಾಯ್ಲೆಂಡ್‌ನಿಂದ ಹೊಲದ ಕೆಲಸಕ್ಕೆ, ರೊಮೇನಿಯಾದಿಂದ ಕಟ್ಟಡ ಕೆಲಸಕ್ಕೆ ಜನ ಬಂದರು. 1996ರ ಹೊತ್ತಿಗೆ ಕೊಟ್ಟ ಪರವಾನಗಿಗಳು ಒಂದು ಲಕ್ಷದ ಆಸುಪಾಸಿಗೆ ಏರಿದ್ದವು. ಒಮ್ಮೆ ತೆರೆದ ಈ ಬಾಗಿಲಿನಿಂದಲೇ ಮನಿಲಾದಿಂದ ಆರೈಕೆಯ ಹೆಂಗಸರೂ ಒಳಬಂದರು. ಕಟ್ಟಡ, ಬೇಸಾಯಗಳಿಗೆ ಸರ್ಕಾರ ಪ್ರತಿವರ್ಷ ಮಿತಿ ಹಾಕುತ್ತಿತ್ತು. ಆರೈಕೆಗೆ ಅಂಥ ಮಿತಿಯಿರಲಿಲ್ಲ. ಹಾಸಿಗೆ ಹಿಡಿದ ತಾಯಿಗೆ ಜನ ಬೇಕೆಂದು ಬಂದ ಮತದಾರನಿಗೆ ‘ಈ ವರ್ಷದ ಕೋಟಾ ಮುಗಿಯಿತು’ ಎಂದು ಹೇಳುವ ಧೈರ್ಯ ಯಾವ ಮಂತ್ರಿಗೂ ಇರಲಿಲ್ಲ. ಹೀಗೆ ಉಳಿದ ಕ್ಷೇತ್ರಗಳು ಏರಿಳಿಯುತ್ತಿದ್ದಾಗ ಇದೊಂದು ಬೆಳೆಯುತ್ತಲೇ ಹೋಗಿ, 2010ರ ದಶಕದಲ್ಲಿ ಪರವಾನಗಿ ಇರುವ ವಿದೇಶಿ ಕೆಲಸಗಾರರ ಅತಿ ದೊಡ್ಡ ಗುಂಪಾಯಿತು.

ಸಂಬಳದ ಏರ್ಪಾಟು ವಿಚಿತ್ರವಾಗಿತ್ತು. ವಿಮಾ ಸಂಸ್ಥೆ ಮಂಜೂರು ಮಾಡಿದ ಗಂಟೆಗಳಷ್ಟು ಹಣ ಒಂದು ಆರೈಕೆ ಕಂಪನಿಯ ಮೂಲಕ ಬರುತ್ತಿತ್ತು, ಉಳಿದದ್ದನ್ನು ಮನೆಯವರು ತಮ್ಮ ಜೇಬಿನಿಂದ ಕೊಡಬೇಕಿತ್ತು. ಯಾತನಾ ಶಿಬಿರಗಳಿಂದ ಬದುಕುಳಿದವರಿಗಾಗಿ ಜರ್ಮನಿ ಕೊಡುತ್ತಿದ್ದ ಪರಿಹಾರದ ಹಣವೂ ಕೆಲವು ಮನೆಗಳಲ್ಲಿ ಇದಕ್ಕೆ ಸೇರುತ್ತಿತ್ತು. ಕೆಲಸಗಾರ್ತಿಗೆ ಹಾಗಾಗಿ ಇಬ್ಬರು ಧಣಿಗಳು. ರಜೆಯ ಸಂಬಳ ಬಾಕಿಯಿದ್ದರೆ ಕಂಪನಿ ಮನೆಯವರತ್ತ, ಮನೆಯವರು ಕಂಪನಿಯತ್ತ ಬೆರಳು ತೋರಿಸುವುದು ಸಾಮಾನ್ಯವಾಗಿತ್ತು.

ಕರಾವಳಿ ಕರ್ನಾಟಕದಿಂದ ಹೊರದೇಶಕ್ಕೆ ಹೋಗುವುದು ಹೊಸ ಸಂಗತಿಯಲ್ಲ. ಮುಂಬಯಿ ಮೊದಲ ನಿಲ್ದಾಣ, 1970ರ ದಶಕದಿಂದ ಗಲ್ಫ್ ಎರಡನೆಯದು. ಕಂಕನಾಡಿಯಲ್ಲಿ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆಯಂಥ ಸಂಸ್ಥೆಗಳಿಂದಾಗಿ ರೋಗಿಯ ಶುಶ್ರೂಷೆ ಮರ್ಯಾದೆಯ ಕೆಲಸ ಎಂಬ ಭಾವನೆ ಇಲ್ಲಿನ ಕ್ರೈಸ್ತ ಕುಟುಂಬಗಳಲ್ಲಿ ಬೇರೂರಿತ್ತು. ಭಾರತ ಮತ್ತು ಇಸ್ರೇಲ್ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1992ರ ಜನವರಿಯಲ್ಲಿ. ಆಮೇಲಷ್ಟೇ ಈ ದಾರಿ ತೆರೆಯಿತು. ನೋಂದಾಯಿತ ನರ್ಸುಗಳಿಗೆ ಗಲ್ಫ್, ಬ್ರಿಟನ್, ಐರ್ಲೆಂಡ್‌ಗಳ ಆಸ್ಪತ್ರೆಗಳಿದ್ದವು. ಇಸ್ರೇಲ್ ಕೇಳುತ್ತಿದ್ದದ್ದು ಮನೆಯೊಳಗಿನ ಆರೈಕೆಗೆ ಜನರನ್ನು. ನರ್ಸಿಂಗ್ ಪದವಿ ಬೇಕೇಬೇಕು ಎಂದಿರಲಿಲ್ಲ. ಪದವಿ ಇಲ್ಲದವರಿಗೆ, ನಲವತ್ತರ ಹತ್ತಿರವಾದವರಿಗೆ, ಗಂಡಸರಿಗೆ ಕೂಡ, ಗಲ್ಫ್‌ನ ಮನೆಗೆಲಸಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸಂಬಳ ಅಲ್ಲಿತ್ತು. ಯೇಸು ನಡೆದಾಡಿದ ನೆಲ ಎಂಬ ಸೆಳೆತವೂ ಸೇರಿಕೊಂಡಿತ್ತು. ಹೋದವರು ತಂಗಿಗೆ, ನಾದಿನಿಗೆ, ಪಕ್ಕದ ಮನೆಯವರಿಗೆ ದಾರಿ ತೋರಿಸಿದರು.

ದಾರಿ ತೋರಿಸುವುದರ ನಡುವೆ ಏಜೆಂಟ್ ಇದ್ದ. ಭಾರತದ 1983ರ ವಲಸೆ ಕಾಯ್ದೆಯಡಿ ಪೂರ್ವಾನುಮತಿ ಬೇಕಾದ ದೇಶಗಳ ಪಟ್ಟಿಯಲ್ಲಿ ಗಲ್ಫ್ ರಾಷ್ಟ್ರಗಳಿವೆ, ಇಸ್ರೇಲ್ ಇಲ್ಲ. ಆದ್ದರಿಂದ ಈ ವಲಸೆ ಹೆಚ್ಚುಕಡಿಮೆ ಪೂರ್ತಿಯಾಗಿ ಖಾಸಗಿ ಕೈಗಳಲ್ಲಿ ನಡೆಯಿತು. ಇಸ್ರೇಲ್‌ನಲ್ಲಿ 2006ರಲ್ಲಿ ಬಂದ ನಿಯಮದಂತೆ ಕೆಲಸಗಾರರಿಂದ ಏಜೆನ್ಸಿ ವಸೂಲು ಮಾಡಬಹುದಾದ ಶುಲ್ಕ ಸುಮಾರು ಮೂರು ಸಾವಿರ ಶೆಕೆಲ್. ನಿಜದಲ್ಲಿ ಕೈ ಬದಲಾಗುತ್ತಿದ್ದದ್ದು ಸಾವಿರಾರು ಡಾಲರ್, ಊರಿನ ಲೆಕ್ಕದಲ್ಲಿ ಹಲವು ಲಕ್ಷ ರೂಪಾಯಿ. ಅಡವಿಟ್ಟ ಚಿನ್ನ, ಬರೆದುಕೊಟ್ಟ ಜಾಗ, ಸೊಸೈಟಿಯ ಸಾಲ ಇವುಗಳಿಂದ ಕೂಡಿಸಿದ ಆ ಹಣವನ್ನು ತೀರಿಸಲು ಮೊದಲ ಒಂದೆರಡು ವರ್ಷದ ದುಡಿಮೆ ಹೋಗುತ್ತಿತ್ತು. ಶುಲ್ಕವೇ ಲಾಭವಾದಾಗ ಏಜೆನ್ಸಿಗಳಿಗೆ ಇರುವವರಿಗೆ ಕೆಲಸ ಹುಡುಕುವುದಕ್ಕಿಂತ ಹೊಸಬರನ್ನು ಕರೆತರುವುದೇ ಒಳ್ಳೆಯ ವ್ಯಾಪಾರ. 2000ದ ದಶಕದಲ್ಲಿ ‘ಫ್ಲೈಯಿಂಗ್ ವೀಸಾ’ ಎಂಬ ದಂಧೆ ಹೀಗೇ ಬೆಳೆಯಿತು: ಯಾವುದೋ ಮುದುಕರ ಹೆಸರಿನಲ್ಲಿ ವೀಸಾ ಪಡೆದು ಬಂದವರಿಗೆ ವಿಮಾನ ನಿಲ್ದಾಣದಿಂದಾಚೆ ಕೆಲಸವೇ ಇರುತ್ತಿರಲಿಲ್ಲ. ದೇಶಕ್ಕೆ ಕಾಲಿಟ್ಟ ಗಳಿಗೆಯಿಂದಲೇ ಅವರು ಅಕ್ರಮ ವಾಸಿಗಳು.

ಕೆಲಸ ಸಿಕ್ಕವರ ದಿನಚರಿಯನ್ನು ಸಮಯಪಟ್ಟಿಯಲ್ಲಿ ಬರೆಯುವುದು ಕಷ್ಟ. ಬೆಳಿಗ್ಗೆ ಡೈಪರ್ ಬದಲಿಸಿ, ಮೈ ಒರೆಸಿ ಅಥವಾ ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸಬೇಕು. ಜೋಲಿ ಹಾಕಿ ಎತ್ತುವ ಯಂತ್ರವಿದ್ದರೆ ಪುಣ್ಯ, ಇಲ್ಲದಿದ್ದರೆ ಸೊಂಟವೇ ಯಂತ್ರ. ಸಕ್ಕರೆ ನೋಡಿ ಇನ್ಸುಲಿನ್ ಕೊಡುವುದು, ವಾರದ ಮಾತ್ರೆಗಳನ್ನು ಡಬ್ಬಿಯಲ್ಲಿ ವಿಂಗಡಿಸುವುದು, ಹಾಸಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಹೊರಳಿಸುವುದು, ಸಂಜೆ ಗಾಲಿಕುರ್ಚಿಯಲ್ಲಿ ಪಾರ್ಕಿಗೆ ಕರೆದೊಯ್ಯುವುದು, ಇವು ಎಣಿಸಬಹುದಾದ ಕೆಲಸಗಳು. ಎಣಿಸಲಾಗದ್ದು ಕಾವಲು. ಮರೆವಿನ ರೋಗ ಹತ್ತಿದ ಮುದುಕ ನಡುರಾತ್ರಿ ಬಾಗಿಲು ತೆರೆದು ಹೊರಟುಬಿಟ್ಟಾನು, ಬಚ್ಚಲಿಗೆ ಹೋಗುವಾಗ ಬಿದ್ದಾನು ಎಂಬ ಎಚ್ಚರದಲ್ಲೇ ಮಲಗಬೇಕು. ಹಲವು ಮನೆಗಳಲ್ಲಿ ಆರೈಕೆದಾರರಿಗೆ ಪ್ರತ್ಯೇಕ ಕೋಣೆ ಇರಲಿಲ್ಲ. ಹಿರಿಯರ ಮಂಚದ ಪಕ್ಕದ ಮಡಚುವ ಹಾಸಿಗೆ, ಬಟ್ಟೆಯ ಕಪಾಟಿನಲ್ಲಿ ಒಂದು ಅಡ್ಡ ಹಲಗೆ, ಅಷ್ಟೇ ಅವರ ಜಾಗ.

ಅಡುಗೆಮನೆಯದು ಬೇರೆಯೇ ಪಾಠ. ಕೋಷರ್ ಎಂಬ ಯಹೂದಿ ಆಹಾರ ನಿಯಮ ಪಾಲಿಸುವ ಮನೆಯಲ್ಲಿ ಮಾಂಸಕ್ಕೆ ಒಂದು ಜೊತೆ ಪಾತ್ರೆ, ಹಾಲು ಬೆಣ್ಣೆಗೆ ಇನ್ನೊಂದು ಜೊತೆ; ಚಮಚ, ತಟ್ಟೆ, ತೊಳೆಯುವ ಸ್ಪಂಜು ಕೂಡ ಬೇರೆ ಬೇರೆ. ಮುಸುರೆ, ಮಡಿ ಎಂದು ಊರಿನ ಅಡುಗೆಮನೆಗಳಲ್ಲಿ ನಡೆಯುವ ಕಟ್ಟುಪಾಡುಗಳನ್ನು ಕಂಡವರಿಗೆ ಇದರ ತರ್ಕ ಬೇಗ ಹೊಂದುತ್ತಿತ್ತು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್ ಎಂಬ ವಿಶ್ರಾಂತಿಯ ದಿನ. ಧರ್ಮನಿಷ್ಠರ ಮನೆಯಲ್ಲಿ ಆಗ ಒಲೆ ಹೊತ್ತಿಸುವಂತಿಲ್ಲ, ದೀಪದ ಸ್ವಿಚ್ಚು ಮುಟ್ಟುವಂತಿಲ್ಲ. ಮೊದಲೇ ಬೇಯಿಸಿದ್ದನ್ನು ಬಿಸಿ ತಟ್ಟೆಯ ಮೇಲಿಟ್ಟು ಕಾಪಾಡಬೇಕು. ಪಸ್ಕ ಹಬ್ಬ ಬಂತೆಂದರೆ ಹುಳಿ ಹಿಟ್ಟಿನ ಒಂದು ಚೂರು ರೊಟ್ಟಿಯೂ ಸಂದಿಗೊಂದಿಯಲ್ಲಿ ಉಳಿಯದಂತೆ ಇಡೀ ಮನೆ ಗುಡಿಸಿ ತೊಳೆಯಬೇಕು. ಸೆಕ್ಯುಲರ್ ಮನೆಗಳಲ್ಲಿ ಇದೊಂದೂ ಇರುತ್ತಿರಲಿಲ್ಲ, ಆದರೆ ಅಲ್ಲೂ ಅನ್ನ-ಮೀನುಸಾರಿನ ವಾಸನೆಗೆ ಮೂಗು ಮುರಿಯುವವರಿದ್ದರು. ಹೀಗಾಗಿ ಅವರವರ ಊಟ ರಜೆಯ ದಿನಕ್ಕೆ ಉಳಿಯುತ್ತಿತ್ತು.

ಹೀಬ್ರೂ ಭಾಷೆಯನ್ನು ಶಾಲೆಯಲ್ಲಿ ಕಲಿತವರು ಕಡಿಮೆ. ಕಿವಿಯಿಂದ ಕಲಿತು, ಆರು ತಿಂಗಳಲ್ಲಿ ಔಷಧಿ ಅಂಗಡಿಯಲ್ಲಿ ಮಾತಾಡುವಷ್ಟಾಗುತ್ತಿತ್ತು. ಅಜ್ಜಿಯನ್ನು ‘ಸಾವ್ತಾ’, ಅಜ್ಜನನ್ನು ‘ಸಾಬಾ’ ಎಂದು ಮೊಮ್ಮಕ್ಕಳ ಹಾಗೆಯೇ ಕರೆಯುವ ರೂಢಿಯಿತ್ತು. ಮರೆವಿನ ರೋಗ ಮುಂದುವರಿದ ಮೇಲೆ ಕಷ್ಟ ಬೇರೆ ಬಗೆಯದು. ಪ್ರಾಯದಲ್ಲಿ ಕಲಿತ ಹೀಬ್ರೂ ಮೊದಲು ಅಳಿಸಿ, ಬಾಲ್ಯದ ಯಿದ್ದಿಷ್, ಪೋಲಿಷ್ ಅಥವಾ ರೊಮೇನಿಯನ್ ಮೇಲೆದ್ದು ಬರುತ್ತಿತ್ತು. ಬಾರ್ಕೂರಿನಿಂದಲೋ ಬೆಳ್ತಂಗಡಿಯಿಂದಲೋ ಹೋದವಳು ಕಷ್ಟಪಟ್ಟು ಕಲಿತ ಭಾಷೆ ಆ ಮನೆಯಲ್ಲಿ ಕೆಲಸಕ್ಕೆ ಬಾರದಂತಾಗುತ್ತಿತ್ತು. ಯಾತನಾ ಶಿಬಿರ ಕಂಡವರಲ್ಲಿ ಕೆಲವರು ಇಳಿವಯಸ್ಸಿನಲ್ಲಿ ಮತ್ತೆ ಆ ದಿನಗಳಿಗೆ ಜಾರುತ್ತಿದ್ದರು. ಸ್ನಾನದ ಕೋಣೆಯ ಷವರ್ ಕಂಡರೆ ಭಯ, ದಿಂಬಿನಡಿ ಬಚ್ಚಿಟ್ಟ ಬ್ರೆಡ್ಡು, ರಾತ್ರಿ ಯಾರೋ ಬಾಗಿಲು ಬಡಿದರೆಂಬ ಕಿರುಚಾಟ. ಇದನ್ನೆಲ್ಲ ನಿಭಾಯಿಸಲು ಯಾವ ಏಜೆನ್ಸಿಯ ತರಬೇತಿಯೂ ಸಾಲುತ್ತಿರಲಿಲ್ಲ. ಮಕ್ಕಳು ಅಪ್ಪ-ಅಮ್ಮನಿಂದ ಕೇಳದೇ ಹೋದ ಕಥೆಗಳನ್ನು ಮೊದಲು ಕೇಳಿಸಿಕೊಂಡದ್ದು ಎಷ್ಟೋ ಮನೆಗಳಲ್ಲಿ ಏಷ್ಯಾದ ಈ ಅಪರಿಚಿತರೇ.

ಇನ್ನೊಂದು ವಿಪರ್ಯಾಸ ಕಿಬ್ಬುತ್ಸ್‌ಗಳದು. ಕೂಲಿಯಾಳು ಇಡಬಾರದು, ಸದಸ್ಯರೇ ದುಡಿಯಬೇಕು ಎಂಬ ತತ್ತ್ವದ ಮೇಲೆ ಕಟ್ಟಿದ ಸಾಮೂಹಿಕ ಹಳ್ಳಿಗಳವು. ಹಾಗೆ ಕಟ್ಟಿದವರೇ ಮುದುಕರಾದಾಗ ಅವರ ತೋಟಕ್ಕೆ ಥಾಯ್ ಜನ, ಅವರ ಮಂಚದ ಬಳಿಗೆ ಫಿಲಿಪ್ಪೀನ್ಸ್ ಮತ್ತು ಕೇರಳದ ಜನ ಬಂದರು.

ಈ ಕೆಲಸವನ್ನು ಉಳಿದೆಲ್ಲ ಕೂಲಿಗಳಿಂದ ಬೇರೆ ಮಾಡಿದ್ದು ಒಂದು ಸಂಗತಿ: ಸೂರು, ಸಂಬಳ, ವೀಸಾ ಮೂರೂ ಒಬ್ಬ ಮುದುಕರ ಉಸಿರಿಗೆ ಕಟ್ಟಿದ್ದವು. ಪಾಸ್‌ಪೋರ್ಟಿನಲ್ಲಿ ಧಣಿಯ ಹೆಸರನ್ನೇ ನಮೂದಿಸುತ್ತಿದ್ದ ಕಾಲವದು. ಸಂಬಳ ಕೊಡಲಿಲ್ಲ, ಮನೆಯ ಗಂಡಸು ಮೈಮೇಲೆ ಕೈಹಾಕಿದ ಎಂದು ಕೆಲಸ ಬಿಟ್ಟವಳು ಆ ಗಳಿಗೆಯಿಂದ ಅಕ್ರಮ ವಾಸಿ. ಹಿರಿಯರು ತೀರಿಕೊಂಡರೆ ವರ್ಷಗಟ್ಟಲೆ ಉಣಿಸಿ ತೊಳೆದವಳಿಗೆ ದುಃಖಿಸಲೂ ಬಿಡುವಿಲ್ಲ. ಏಳು ದಿನದ ಸೂತಕ ಮುಗಿಯುವಷ್ಟರಲ್ಲಿ ಮಕ್ಕಳು ಮನೆ ಖಾಲಿ ಮಾಡಿಸುತ್ತಾರೆ. ಅವಳು ಹೊಸ ಮನೆ, ಹೊಸ ಮುದುಕರನ್ನು ಹುಡುಕಬೇಕು. ಕಾನೂನಿನಂತೆ ಸೇವಾವಧಿಯ ಪರಿಹಾರ ಧಣಿಯ ಸಾವಿನ ನಂತರವೂ ಸಲ್ಲಬೇಕು, ಅದನ್ನು ಪಡೆಯಲು ವಾರಸುದಾರರ ಹಿಂದೆ ಅಲೆದವರ ದೂರುಗಳು ಕಾರ್ಮಿಕ ನೆರವಿನ ಕಚೇರಿಗಳಲ್ಲಿ ತುಂಬಿದ್ದವು. 2002ರಲ್ಲಿ ವಲಸೆ ಪೊಲೀಸ್ ವಿಭಾಗ ಸ್ಥಾಪನೆಯಾಗಿ ಬೀದಿ ಬೀದಿಯಲ್ಲಿ ಕಾಗದಪತ್ರ ಕೇಳಿ ಗಡೀಪಾರು ಮಾಡತೊಡಗಿದ ಮೇಲೆ ಈ ಕಟ್ಟು ಇನ್ನಷ್ಟು ಬಿಗಿಯಾಯಿತು.

1991ರಲ್ಲಿ ಆರಂಭವಾದ ‘ಕಾವ್ ಲಾಓವೇದ್’ ಎಂಬ ಕಾರ್ಮಿಕ ಹಕ್ಕುಗಳ ಸಂಸ್ಥೆ ಇತರ ಸಂಘಟನೆಗಳೊಡನೆ 2002ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ನಾಲ್ಕು ವರ್ಷದ ಬಳಿಕ, 2006ರ ಮಾರ್ಚ್ 30ರಂದು, ನ್ಯಾಯಮೂರ್ತಿ ಎಡ್ಮಂಡ್ ಲೆವಿ ಬರೆದ ತೀರ್ಪು ಕೆಲಸಗಾರರನ್ನು ಒಬ್ಬನೇ ಧಣಿಗೆ ಕಟ್ಟಿಹಾಕುವ ವ್ಯವಸ್ಥೆಯನ್ನು ತಳ್ಳಿಹಾಕಿತು. ಅದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಕಾಣಲು ನ್ಯಾಯಮೂರ್ತಿಗಳು ಹಿಂಜರಿಯಲಿಲ್ಲ. ಆಮೇಲೆ ಆರೈಕೆದಾರರು ಏಜೆನ್ಸಿಯಲ್ಲಿ ಹೆಸರು ನೋಂದಾಯಿಸಿ ಮನೆ ಬದಲಿಸಬಹುದಾಯಿತು. ಸಡಿಲವಾದ ಹಗ್ಗವನ್ನು ಐದೇ ವರ್ಷದಲ್ಲಿ ಸಂಸತ್ತು ಮತ್ತೆ ಬಿಗಿಮಾಡಿತು. 2011ರ ಮೇ ತಿಂಗಳಲ್ಲಿ ಅಂಗೀಕಾರವಾದ ತಿದ್ದುಪಡಿ, ಎಷ್ಟು ಸಲ ಧಣಿ ಬದಲಿಸಬಹುದು, ದೇಶದ ಯಾವ ಭಾಗದಲ್ಲಿ ದುಡಿಯಬಹುದು ಎಂಬುದಕ್ಕೆ ಮಿತಿ ಹೇರುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ದೂರದ ಊರುಗಳ ಮುದುಕರಿಗೆ, ಹೆಚ್ಚು ಆರೈಕೆ ಬೇಕಾದವರಿಗೆ ಜನ ಸಿಗದೆ ಎಲ್ಲರೂ ಟೆಲ್ ಅವಿವ್ ಸುತ್ತಮುತ್ತಲಿನ ಹಗುರ ಕೆಲಸಕ್ಕೆ ಓಡುತ್ತಿದ್ದಾರೆ ಎಂಬುದು ಅದರ ಸಮರ್ಥನೆ. ಆ ದೂರಿನಲ್ಲಿ ಸತ್ಯವಿಲ್ಲದಿರಲಿಲ್ಲ. ಕಷ್ಟದ ಕೆಲಸಕ್ಕೆ ಹೆಚ್ಚು ಕೂಲಿ ಕೊಡುವ ದಾರಿಯೂ ಇತ್ತು ಎಂಬುದು ಮಾತ್ರ ಚರ್ಚೆಯಲ್ಲಿ ಹಿಂದೆ ಸರಿಯಿತು.

ವಾಸದ ಅವಧಿಯ ನಿಯಮವೂ ಇದೇ ಎಳೆಯದು. ಮೊದಲ ಪ್ರವೇಶದಿಂದ ಐದು ವರ್ಷ ಮೂರು ತಿಂಗಳು, ಅಂದರೆ 63 ತಿಂಗಳು, ಮುಗಿದ ಮೇಲೆ ಸಾಮಾನ್ಯವಾಗಿ ಹೊಸ ಮನೆಗೆ ಸೇರುವಂತಿಲ್ಲ. ಆಗ ನೋಡಿಕೊಳ್ಳುತ್ತಿರುವ ಹಿರಿಯರು ಬದುಕಿರುವವರೆಗೆ ವೀಸಾ ಮುಂದುವರಿಯಬಹುದು. ಹೀಗೆ ಹತ್ತು ಹದಿನೈದು ವರ್ಷ ಉಳಿದವರಿದ್ದಾರೆ. ತೊಂಬತ್ತರ ಹಿರಿಯರ ಮನೆಗೆ ಐದನೆಯ ವರ್ಷದಲ್ಲಿ ಕಾಲಿಡಲು ಯಾರೂ ಬಯಸದೆ ಹೋದದ್ದು ಈ ನಿಯಮದ ಸಹಜ ಫಲ. ಹತ್ತಿರದ ರಕ್ತಸಂಬಂಧಿಯೋ ಗಂಡನೋ ಹೆಂಡತಿಯೋ ದೇಶದಲ್ಲಿ ಇರಕೂಡದು ಎಂಬ ಷರತ್ತೂ ಇತ್ತು. ಗಂಡ-ಹೆಂಡತಿಯರಲ್ಲಿ ಒಬ್ಬರಷ್ಟೇ ಹೋಗಬೇಕು. ಗಂಡ ಇಸ್ರೇಲ್‌ನಲ್ಲಿದ್ದರೆ ಹೆಂಡತಿ ಊರಲ್ಲಿ, ಹೆಂಡತಿ ಹೋದರೆ ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ.

ದುಡಿಮೆಯ ಗಂಟೆಗಳ ಪ್ರಶ್ನೆ ನ್ಯಾಯಾಲಯಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. 1951ರ ಕೆಲಸ ಮತ್ತು ವಿಶ್ರಾಂತಿ ಕಾಯ್ದೆಯಂತೆ ನಿಗದಿತ ಗಂಟೆಗಳಾಚೆ ದುಡಿದರೆ ಹೆಚ್ಚುವರಿ ಸಂಬಳ ಸಲ್ಲಬೇಕು. ಮನೆಯಲ್ಲೇ ಇರುವ ಆರೈಕೆದಾರರ ಯಾವ ಗಂಟೆ ದುಡಿಮೆ, ಯಾವುದು ಬಿಡುವು? ಮಲಗಿದ ರಾತ್ರಿಯಲ್ಲಿ ನಾಲ್ಕು ಸಲ ಎದ್ದರೆ ಅದು ಕೆಲಸವೇ? ಯೊಲಾಂಡಾ ಗ್ಲೂಟೆನ್ ಎಂಬ ಫಿಲಿಪ್ಪೀನ್ಸ್ ಆರೈಕೆದಾರ್ತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರ ನವೆಂಬರ್‌ನಲ್ಲಿ, ಆ ಕಾಯ್ದೆ ಇಂಥವರಿಗೆ ಅನ್ವಯಿಸುವುದಿಲ್ಲ ಎಂದು ತೀರ್ಪಿತ್ತಿತು. ವಿಶೇಷ ವಿಶ್ವಾಸ ಬೇಡುವ ಹುದ್ದೆ, ಗಂಟೆಗಳ ಮೇಲ್ವಿಚಾರಣೆ ಸಾಧ್ಯವಿಲ್ಲದ ಕೆಲಸ ಇವೆರಡಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಅದರಡಿ ಈ ಕೆಲಸವನ್ನೂ ಸೇರಿಸಲಾಯಿತು. ದೊಡ್ಡ ಅಧಿಕಾರಿಗಳಿಗೆ ಒಗ್ಗುವ ವಿನಾಯಿತಿಯೊಂದು ಡೈಪರ್ ಬದಲಿಸುವವರಿಗೂ ಒಗ್ಗಿಹೋದದ್ದು ಕಾನೂನು ವಿದ್ವಾಂಸರನ್ನು ಬೆರಗುಗೊಳಿಸಿತು. ವಿಸ್ತೃತ ಪೀಠ ಮರುವಿಚಾರಣೆ ನಡೆಸಿ 2013ರ ಮಾರ್ಚ್‌ನಲ್ಲಿ ಅದೇ ಫಲಿತಾಂಶಕ್ಕೆ ಬಂತು. ಪರಿಹಾರವನ್ನು ಶಾಸಕಾಂಗ ಹುಡುಕಬೇಕು ಎಂಬುದು ನ್ಯಾಯಾಲಯದ ನಿಲುವು. ಹೆಚ್ಚುವರಿ ಗಂಟೆಗಳಿಗೆ ಹಣ ಕೊಡಬೇಕೆಂದಾದರೆ ಸಾಮಾನ್ಯ ಕುಟುಂಬಗಳ ಕೈಗೆ ಈ ಆರೈಕೆ ಎಟುಕುತ್ತಿರಲಿಲ್ಲ ಎಂಬ ಭಯ ತೀರ್ಪಿನ ಹಿಂದಿತ್ತು. ವಾರದ 168 ಗಂಟೆಗಳ ಬೆಲೆಯನ್ನು ಸರ್ಕಾರ ಕೊಡುವುದಿಲ್ಲ, ಕುಟುಂಬ ಕೊಡಲಾರದು, ಉಳಿದವಳು ಮೂರನೆಯವಳು.

ವೈದ್ಯಕೀಯ ರಕ್ಷಣೆಯೂ ಅರೆಬರೆ. ನಾಗರಿಕರಿಗಿರುವ ರಾಷ್ಟ್ರೀಯ ಆರೋಗ್ಯ ವಿಮೆ ಇವರಿಗಿಲ್ಲ. ಧಣಿ ಖಾಸಗಿ ವಿಮೆ ಮಾಡಿಸುತ್ತಾನೆ, ಅದರ ಒಂದು ಪಾಲು ಸಂಬಳದಿಂದಲೇ ಕಡಿತವಾಗುತ್ತದೆ. ಕ್ಯಾನ್ಸರಿನಂಥ ದೊಡ್ಡ ಕಾಯಿಲೆ ಬಂದು ದುಡಿಯುವ ಶಕ್ತಿ ಹೋದರೆ ಊರಿನ ದಾರಿ ಹಿಡಿಯಬೇಕಾದವರೇ ಹೆಚ್ಚು.

ತಾಯ್ತನವನ್ನು ಸರ್ಕಾರ ದೀರ್ಘಕಾಲ ನಿಯಮೋಲ್ಲಂಘನೆಯಂತೆ ನೋಡಿತು. ಹೆರಿಗೆಯಾದ ಕೆಲಸಗಾರ್ತಿ ಮೂರು ತಿಂಗಳೊಳಗೆ ಮಗುವಿನೊಂದಿಗೆ ದೇಶ ಬಿಡಬೇಕು, ಇಲ್ಲವೇ ಮಗುವನ್ನು ಮಾತ್ರ ಊರಿಗೆ ಕಳುಹಿಸಿ ತಾನು ಕೆಲಸದಲ್ಲಿ ಮುಂದುವರಿಯಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2011ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಅದಕ್ಕೆ ಮುಂಚಿನ ವರ್ಷ, 2010ರ ಆಗಸ್ಟ್ 1ರಂದು, ವಲಸೆ ಕೆಲಸಗಾರರ ಸುಮಾರು 1,200 ಮಕ್ಕಳ ಬಗ್ಗೆ ಸಚಿವ ಸಂಪುಟ ನಿರ್ಧಾರ ಕೈಗೊಂಡಿತ್ತು. ಶಾಲೆಗೆ ಹೋಗುವ, ಹೀಬ್ರೂ ಮಾತಾಡುವ ಸುಮಾರು 800 ಮಕ್ಕಳು ಉಳಿಯಬಹುದು, ಸುಮಾರು 400 ಮಕ್ಕಳು ಹೋಗಬೇಕು. ಟೆಲ್ ಅವಿವ್‌ನ ಬೀದಿಗಳಲ್ಲಿ ಇಸ್ರೇಲಿಗಳೇ ಇದರ ವಿರುದ್ಧ ಮೆರವಣಿಗೆ ಮಾಡಿದರು. ಆದರೂ ಫಿಲಿಪ್ಪೀನ್ಸ್‌ನ ತಾಯಂದಿರನ್ನು ಮಕ್ಕಳೊಡನೆ ಗಡೀಪಾರು ಮಾಡುವ ಕ್ರಮ 2019ರಲ್ಲಿ ಮತ್ತೆ ತಲೆಯೆತ್ತಿತು.

ವಾರಕ್ಕೊಂದು ರಜೆ. ಅದನ್ನು ಕಳೆಯುವ ಜಾಗ ದಕ್ಷಿಣ ಟೆಲ್ ಅವಿವ್. 1993ರಲ್ಲಿ ತೆರೆದ ಹೊಸ ಕೇಂದ್ರ ಬಸ್ ನಿಲ್ದಾಣದ ದೈತ್ಯ ಕಟ್ಟಡದಲ್ಲಿ ಒಂದು ಅಂತಸ್ತೇ ಮನಿಲಾದ ಸಂತೆಯಾಯಿತು: ಒಣಮೀನು, ಕ್ಷೌರದಂಗಡಿ, ಊರಿಗೆ ಹಣ ಕಳುಹಿಸುವ ಕಿಟಕಿ, ಸಾಮಾನು ತುಂಬಿ ಹಡಗಿಗೆ ಹಾಕುವ ಪೆಟ್ಟಿಗೆಗಳು. ಹತ್ತಿರದ ನೆವೆ ಶಅನನ್ ಬಡಾವಣೆಯಲ್ಲಿ ಏಳೆಂಟು ಮಂದಿ ಕೂಡಿ ಒಂದು ಫ್ಲ್ಯಾಟಿನ ಬಾಡಿಗೆ ಕಟ್ಟಿ, ವಾರಕ್ಕೊಂದು ರಾತ್ರಿ ಅಲ್ಲಿ ಮಲಗುತ್ತಿದ್ದರು. ವಾರದ ಆರು ದಿನ ಇನ್ನೊಬ್ಬರ ಮನೆಯಲ್ಲಿರುವವರಿಗೆ ಚಾಪೆಯಷ್ಟಾದರೂ ಸ್ವಂತ ಜಾಗ ಅದು. ಕನ್ನಡದ ಬೈಬಲ್ಲಿನಲ್ಲಿ ಯೊಪ್ಪ ಎಂದು ಬರುವ ಜಾಫಾದಲ್ಲಿ ಸಂತ ಅಂತೋನಿಯವರ ಚರ್ಚ್ ಇದೆ. ಕರಾವಳಿಯಿಂದ ಹೋದ ಕೊಂಕಣಿ ಕ್ರೈಸ್ತರು ಅಲ್ಲಿ ಕೊಂಕಣಿ ಪೂಜೆಗೆ ಸೇರುತ್ತಾರೆ. ಸೆಪ್ಟೆಂಬರಿನಲ್ಲಿ ಕನ್ಯಾ ಮರಿಯಮ್ಮನ ಮೊಂತಿ ಹಬ್ಬ ಅಲ್ಲಿಯೂ ನಡೆಯುತ್ತದೆ. ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಹಂಚಿಕೆಯಾಗುತ್ತದೆ. ಕೆಲಸ ಕಳೆದುಕೊಂಡವರಿಗೆ ಹೊಸ ಮನೆಯ ಸುದ್ದಿ, ತೀರಿಕೊಂಡವರ ದೇಹ ಊರಿಗೆ ಕಳುಹಿಸಲು ವಂತಿಗೆ, ಎರಡೂ ಇಂಥ ಕೂಟಗಳಲ್ಲೇ ಆಗುವುದು.

ಇಸ್ರೇಲಿ ಸಮಾಜ ಇವರನ್ನು ನೋಡಿದ ಬಗೆಯೂ ಬದಲಾಗುತ್ತಿತ್ತು. 2014ರ ಜನವರಿಯಲ್ಲಿ ದೇಶದ ಜನಪ್ರಿಯ ಟಿ.ವಿ. ಗಾಯನ ಸ್ಪರ್ಧೆ ‘ಎಕ್ಸ್ ಫ್ಯಾಕ್ಟರ್’ ಗೆದ್ದವರು ರೋಸ್ ಫೋಸ್ಟಾನೆಸ್ ಎಂಬ ಫಿಲಿಪ್ಪೀನ್ಸ್ ಆರೈಕೆದಾರ್ತಿ. ಪ್ರೇಕ್ಷಕರು ಮತ ಹಾಕಿ ಗೆಲ್ಲಿಸಿದ ಮೇಲೆ ತಿಳಿದ ಸಂಗತಿ, ಆಕೆಯ ವೀಸಾದಲ್ಲಿ ಹಾಡಿ ಸಂಪಾದಿಸಲು ಅವಕಾಶವೇ ಇಲ್ಲ ಎಂಬುದು. ಗೃಹ ಸಚಿವಾಲಯ ವಿಶೇಷ ಅನುಮತಿ ಕೊಡಬೇಕಾಯಿತು.

ಆ ನೆಲದ ಯುದ್ಧಗಳು ಇವರನ್ನು ಬಿಡಲಿಲ್ಲ. 2003ರ ಜನವರಿ 5ರಂದು ಟೆಲ್ ಅವಿವ್‌ನ ಹಳೆಯ ಬಸ್ ನಿಲ್ದಾಣದ ಬಳಿ ನಡೆದ ಆತ್ಮಾಹುತಿ ಸ್ಫೋಟಗಳಲ್ಲಿ ಸತ್ತ 23 ಜನರಲ್ಲಿ ವಿದೇಶಿ ಕೆಲಸಗಾರರೂ ಇದ್ದರು. 2021ರ ಮೇ 11ರಂದು ಆಶ್ಕೆಲೋನ್‌ನಲ್ಲಿ ಗಾಜಾದಿಂದ ಬಂದ ರಾಕೆಟ್ ಬಡಿದ ಮನೆಯಲ್ಲಿ ಹಿರಿಯ ಮಹಿಳೆಯನ್ನು ನೋಡಿಕೊಳ್ಳುತ್ತಿದ್ದ ಕೇರಳದ ಇಡುಕ್ಕಿಯ ಆರೈಕೆದಾರ್ತಿ ಸತ್ತರು. ಆಗ ಅವರು ಊರಿನಲ್ಲಿದ್ದ ಗಂಡನೊಡನೆ ವಿಡಿಯೊ ಕರೆಯಲ್ಲಿದ್ದರು. ಸೈರನ್ ಕೂಗಿದಾಗ ರಕ್ಷಣಾ ಕೋಣೆ ಸೇರಲು ಗಾಜಾ ಗಡಿಯ ಊರುಗಳಲ್ಲಿ ಸಿಗುವುದು ಕೆಲವೇ ಸೆಕೆಂಡುಗಳು. ಗಾಲಿಕುರ್ಚಿ ನೂಕುವವರಿಗೆ ಆ ಸಮಯ ಸಾಲದು. ಬಿಟ್ಟು ಓಡುವುದೇ, ಜೊತೆಗೇ ಇರುವುದೇ ಎಂಬ ನಿರ್ಧಾರವನ್ನು ಅವರು ಮತ್ತೆ ಮತ್ತೆ ಮಾಡಬೇಕಾಗುತ್ತಿತ್ತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಗಡಿಯ ಕಿಬ್ಬುತ್ಸ್‌ಗಳಲ್ಲಿ ಫಿಲಿಪ್ಪೀನ್ಸ್ ಆರೈಕೆದಾರರೂ ಸತ್ತರು. ಓಡಿಹೋಗಲು ಅವಕಾಶವಿದ್ದರೂ ತನ್ನ ಹಿರಿಯರನ್ನು ಬಿಡದೆ ಪ್ರಾಣ ಕೊಟ್ಟ ತರುಣಿ ಅವರಲ್ಲೊಬ್ಬಳು. ಮತ್ತೊಬ್ಬ ಆರೈಕೆದಾರ ಒತ್ತೆಯಾಳಾಗಿ ನವೆಂಬರಿನಲ್ಲಿ ಬಿಡುಗಡೆಗೊಂಡ. ನಿರ್ ಓಜ್ ಕಿಬ್ಬುತ್ಸ್‌ನಲ್ಲಿ ಕೇರಳದ ಇಬ್ಬರು ಹೆಂಗಸರು ರಕ್ಷಣಾ ಕೋಣೆಯ ಬಾಗಿಲ ಹಿಡಿಕೆಯನ್ನು ಗಂಟೆಗಟ್ಟಲೆ ಒಳಗಿನಿಂದ ಹಿಡಿದು ನಿಂತು ಮನೆಯ ಹಿರಿಯರನ್ನು ಉಳಿಸಿದರು.

ಆ ದಿನಗಳಲ್ಲಿ ಇಸ್ರೇಲ್‌ನಲ್ಲಿದ್ದ ಭಾರತೀಯರು ಸುಮಾರು 18,000, ಬಹುಪಾಲು ಆರೈಕೆದಾರರು. ದಕ್ಷಿಣ ಕನ್ನಡ, ಉಡುಪಿ ಜಿಲ್ಲಾಡಳಿತಗಳು ಸಹಾಯವಾಣಿ ತೆರೆದು ಕುಟುಂಬಗಳಿಂದ ಮಾಹಿತಿ ಕೇಳಿದವು. ಅಲ್ಲಿಯವರೆಗೆ ಯಾವ ಗ್ರಾಮದಿಂದ ಎಷ್ಟು ಜನ ಹೋಗಿದ್ದಾರೆ ಎಂಬ ಲೆಕ್ಕ ಸರ್ಕಾರದ ಬಳಿ ಇಲ್ಲದ್ದು ಬಯಲಾಯಿತು. ಖಾಸಗಿ ದಾರಿಯ ವಲಸೆಗೆ ದಾಖಲೆ ಎಲ್ಲಿಂದ ಬರಬೇಕು? ಭಾರತ ಸರ್ಕಾರ ಅಕ್ಟೋಬರ್ 12ರಿಂದ ‘ಆಪರೇಷನ್ ಅಜಯ್’ ಹೆಸರಿನಲ್ಲಿ ವಿಮಾನಗಳನ್ನು ಕಳುಹಿಸಿದಾಗ ಆರೈಕೆದಾರರಲ್ಲಿ ಅನೇಕರು ಹತ್ತಲಿಲ್ಲ. ಹಿರಿಯರನ್ನು ಬಿಟ್ಟು ಬರಲಾಗದು ಎಂದರು ಕೆಲವರು. ಬಂದರೆ ವೀಸಾ ಮತ್ತೆ ಸಿಕ್ಕದು, ಸಾಲ ತೀರಿಲ್ಲ ಎಂಬುದು ಇನ್ನು ಕೆಲವರ ಲೆಕ್ಕ. ಒಂದೇ ಮನಸ್ಸಿನಲ್ಲಿ ಇವೆರಡೂ ಇರಬಲ್ಲವು.

ಏಜೆಂಟರ ಹಿಡಿತ ತಪ್ಪಿಸಲು ಸರ್ಕಾರ-ಸರ್ಕಾರಗಳ ನಡುವಿನ ಒಪ್ಪಂದಗಳು ಬಹಳ ತಡವಾಗಿ ಬಂದವು. ನೇಪಾಳದೊಡನೆ 2015ರಲ್ಲಿ ಪ್ರಾಯೋಗಿಕ ಒಪ್ಪಂದವಾಯಿತು. ಫಿಲಿಪ್ಪೀನ್ಸ್‌ನೊಡನೆ 2018ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷ ದುತೆರ್ತೆ ಜೆರುಸಲೇಮಿಗೆ ಬಂದಿದ್ದಾಗ ಸಹಿಯಾಯಿತು. ಭಾರತದೊಡನೆ 2023ರ ಮೇ ತಿಂಗಳಲ್ಲಿ ನವದೆಹಲಿಯಲ್ಲಿ ಆದ ಒಪ್ಪಂದ 42,000 ಕೆಲಸಗಾರರ ಕುರಿತದ್ದು: 34,000 ಮಂದಿ ಕಟ್ಟಡ ಕೆಲಸಕ್ಕೆ, 8,000 ಮಂದಿ ಆರೈಕೆಗೆ. ಇಂಥ ದಾರಿಯಲ್ಲಿ ಹೋಗುವವರಿಗೆ ಶುಲ್ಕದ ಹೊರೆ ಇಳಿಯುತ್ತದೆ, ಊರು ಬಿಡುವ ಮುನ್ನ ತರಬೇತಿ ಸಿಗುತ್ತದೆ. ಕನಿಷ್ಠ ವೇತನ 2024ರ ಏಪ್ರಿಲ್‌ನಿಂದ ತಿಂಗಳಿಗೆ 5,880 ಶೆಕೆಲ್ ಆಗಿ, ಆರೈಕೆದಾರರಿಗೂ ಅದೇ ಅನ್ವಯಿಸಿತು. ವಸತಿ ಮತ್ತು ವಿಮೆಯ ಕಡಿತ ಅದರಿಂದಲೇ. ಒಪ್ಪಂದದ ಹೊರಗೆ ಹಳೆಯ ವೀಸಾಗಳಲ್ಲಿ ಇರುವವರಿಗೆ ಏಜೆಂಟರಿಗೆ ಕೊಟ್ಟ ಹಣ ಹಿಂದಿರುಗುವುದಿಲ್ಲ. 63 ತಿಂಗಳ ಗಡುವು ಮತ್ತು ಹೆಚ್ಚುವರಿ ಗಂಟೆಗಳ ಬಗೆಗಿನ 2013ರ ತೀರ್ಪು ಇಬ್ಬರಿಗೂ ಒಂದೇ.